ಹೂಗಡ್ಡೆಗಳ ಬುಡ ಕೊಳೆ ರೋಗ: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಲ್ಲಿ, ಸುಗಂಧರಾಜ, ಗ್ಲಾಡಿಯೋಲಸ್, ಐರಿಸ್, ಕ್ಯಾಲಡಿಯಂ ಬೆಳೆಸುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಆದಷ್ಟೂ ಕೇಳಿದವರ ಮಾತನ್ನೇ ಉಳಿಸಿಕೊಂಡಿದ್ದೇನೆ. ಇಲ್ಲಿರುವುದೆಲ್ಲ ಸ್ಕ್ಲೆರೋಷಿಯಂ ರಾಲ್ಫ್‌ಸಿ ಎಂಬ, ಮಣ್ಣಿನಲ್ಲಿ ಬದುಕುವ ಶಿಲೀಂಧ್ರ ತರುವ ಬುಡ ಕೊಳೆಯ ಬಗ್ಗೆ. ಎಲ್ಲರೂ ಮೊದಲು ಕೇಳುವ "ಯಾವ ಔಷಧಿ ಹೊಡೀಲಿ?" ಎಂಬ ಪ್ರಶ್ನೆಯನ್ನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ. ಈ ರೋಗದಲ್ಲಿ ಸಲಿಕೆ ಮಾಡುವ ಕೆಲಸವನ್ನು ಬಾಟಲಿ ಮಾಡುವುದಿಲ್ಲ.

## ಗುರುತು ಹಿಡಿಯುವುದು

ನಿನ್ನೆವರೆಗೂ ಚೆನ್ನಾಗಿದ್ದ ಲಿಲ್ಲಿ ಇವತ್ತು ಬುಡದಲ್ಲೇ ಕಳಚಿ ಬಿದ್ದಿದೆ. ಹುಳ ಏನೂ ಕಾಣ್ತಿಲ್ಲ. ಏನಾಗಿದೆ?

ಬಿದ್ದ ಗಿಡವನ್ನು ತಕ್ಷಣ ಎಳೆಯಬೇಡಿ. ಮೊದಲು ಕೂತು, ಕಾಂಡ ಮಣ್ಣನ್ನು ಮುಟ್ಟುವ ಜಾಗ ನೋಡಿ. ಬುಡ ಕೊಳೆ ರೋಗವಾಗಿದ್ದರೆ ಅಲ್ಲಿ ಕಂದು ಬಣ್ಣಕ್ಕೆ ತಿರುಗಿದ, ನೀರು ಕುಡಿದು ಮೆತ್ತಗಾದ ಕೊಳೆ ಇರುತ್ತದೆ. ಅದರ ಸುತ್ತ ಬಿಳಿ ಎಳೆಗಳು ಕಾಂಡದ ಮೇಲೂ ಮಣ್ಣಿನ ಮೇಲೂ ಬೀಸಣಿಗೆಯಂತೆ ಹರಡಿರುತ್ತವೆ. ಬೆಳಗಿನ ಹೊತ್ತು ಮಣ್ಣು ತೇವವಿರುವಾಗ ಈ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಬಿಸಿಲೇರಿ ಮೇಲ್ಮಣ್ಣು ಒಣಗಿದ ಮೇಲೆ ಹುಡುಕಿದರೆ ಸಿಗದೆ ಹೋಗಬಹುದು.

ಗಿಡ ಒಂದೇ ದಿನದಲ್ಲಿ ಬಿದ್ದಂತೆ ಕಂಡರೂ ಕೊಳೆ ಶುರುವಾಗಿ ಕೆಲವು ದಿನ ಆಗಿರುತ್ತದೆ. ಕೆಳಗಿನ ಎಲೆಗಳು ಬುಡದ ಕಡೆಯಿಂದ ಹಳದಿಯಾಗುವುದು, ಎಲೆಯನ್ನು ಮೆಲ್ಲಗೆ ಜಗ್ಗಿದರೆ ಸಲೀಸಾಗಿ ಕೈಗೆ ಬರುವುದು ಇದರ ಮೊದಲ ಸೂಚನೆ. ಸುಗಂಧರಾಜದಲ್ಲಿ ಮತ್ತು ಐರಿಸ್‌ನಲ್ಲಿ ಹೀಗೆ ಎಲೆ ಕಿತ್ತು ಬರುವುದನ್ನು ಹಲವರು ನೀರಿನ ಕೊರತೆ ಎಂದುಕೊಂಡು ಇನ್ನಷ್ಟು ನೀರು ಹಾಕಿಬಿಡುತ್ತಾರೆ.

ಗಿಡದ ಬುಡದಲ್ಲಿ ಸಾಸಿವೆ ಥರ ಕಾಳು ಚೆಲ್ಲಿದ ಹಾಗಿದೆ. ಅದು ಗೊಬ್ಬರದ ಗುಳಿಗೆನಾ, ರೋಗನಾ?

ಒಳ್ಳೆಯ ಅನುಮಾನ. ನಿಧಾನವಾಗಿ ಕರಗುವ ಗೊಬ್ಬರದ ಗುಳಿಗೆಗಳೂ ಹಾಗೇ ಕಾಣುತ್ತವೆ. ಒಂದನ್ನು ಉಗುರಿನಿಂದ ಒತ್ತಿ ನೋಡಿ. ಗೊಬ್ಬರದ ಗುಳಿಗೆ ಸಿಪ್ಪೆ ಒಡೆದು ಹನಿ ನೀರು ಅಥವಾ ಉಪ್ಪಿನಂಥ ಪುಡಿ ಬಿಡುತ್ತದೆ. ಶಿಲೀಂಧ್ರ ಬೀಜದಂತೆ ಮಣ್ಣಿನಲ್ಲಿ ಉಳಿಯಲು ಕಟ್ಟಿಕೊಳ್ಳುವ ಗುಂಡು ಗಟ್ಟಿಯಾಗಿರುತ್ತದೆ. ಸೀಳಿದರೆ ಹೊರಗೆ ಕಂದು ಸಿಪ್ಪೆ, ಒಳಗೆ ಬಿಳಿ ತಿರುಳು. ಗಾತ್ರ 1–2 ಮಿಲಿಮೀಟರ್. ಮೊದಲು ಬಿಳಿ, ಆಮೇಲೆ ಹೊಂಬಣ್ಣ, ಬಲಿತ ಮೇಲೆ ಕಂದು. ಗೊಬ್ಬರ ಮಡಿಯ ಉದ್ದಕ್ಕೂ ಚದುರಿರುತ್ತದೆ. ಈ ಗುಂಡುಗಳು ಕೊಳೆತ ಕಾಂಡಕ್ಕೋ ಅದರ ಪಕ್ಕದ ತರಗೆಲೆಗೋ ಅಂಟಿಕೊಂಡು ಗುಂಪಾಗಿರುತ್ತವೆ. ಒಂದೇ ಗಿಡದ ಸುತ್ತ ನೂರಾರು ಸಿಗುವುದು ಸಾಮಾನ್ಯ.

ಗುಂಡು ಕಂಡರೆ ರೋಗ ಖಚಿತ. ಜತೆಗೆ, ಅವು ಕಂದಾಗುವ ಮೊದಲೇ ನೀವು ಬಂದಿರೋ ತಡವಾಗಿ ಬಂದಿರೋ ಎಂಬುದೂ ಅದರಿಂದಲೇ ತಿಳಿಯುತ್ತದೆ.

ಬಿಳಿ ಬೂಷ್ಟು ಕಂಡರೆಲ್ಲ ಇದೇ ರೋಗ ಅಂತಾನಾ?

ಅಲ್ಲ. ತರಗೆಲೆ, ಮರದ ಚೂರು, ಕೋಕೋಪೀಟ್ ಮೇಲೆ ಬರುವ ಬಿಳಿ ಬೂಷ್ಟು ಬಹುತೇಕ ನಿರುಪದ್ರವಿ. ಅದು ಸತ್ತದ್ದನ್ನು ತಿಂದು ಬದುಕುತ್ತದೆ, ಗಟ್ಟಿಯಾಗಿರುವ ಕಾಂಡದ ತಂಟೆಗೆ ಹೋಗುವುದಿಲ್ಲ. ಗಡ್ಡೆಯ ಪದರಗಳ ನಡುವೆ ಬಿಳಿ ಹಿಟ್ಟಿನಂತೆ ಇದ್ದು, ಕಡ್ಡಿಯಿಂದ ಕೆದಕಿದಾಗ ಮೆಲ್ಲಗೆ ಚಲಿಸಿದರೆ ಅದು ಹಿಟ್ಟು ತಿಗಣೆ.

ಗೊಂದಲ ಹೆಚ್ಚಾಗುವುದು ಫ್ಯುಸೇರಿಯಂ ಕೊಳೆಯ ಜತೆ. ಫ್ಯುಸೇರಿಯಂ ಸಾಮಾನ್ಯವಾಗಿ ಗಡ್ಡೆಯ ತಳದಲ್ಲಿ, ಬೇರು ಹೊರಡುವ ಕಡೆಯಿಂದ ಶುರುವಾಗಿ ಕೆಂಗಂದು ಬಣ್ಣದಲ್ಲಿ ಮೇಲೇರುತ್ತದೆ. ಬೂಷ್ಟು ಬಂದರೂ ಬಿಳಿಗೆ ತುಸು ಗುಲಾಬಿ ಬೆರೆತಂತಿರುತ್ತದೆ. ಸಾಸಿವೆ ಗುಂಡು ಎಂದಿಗೂ ಇರುವುದಿಲ್ಲ. ಸ್ಕ್ಲೆರೋಷಿಯಂ ಹೆಚ್ಚಾಗಿ ಮಣ್ಣಿನ ಮಟ್ಟದಲ್ಲಿ ಹಿಡಿದು ಕೆಳಗಿಳಿಯುತ್ತದೆ. ಗಡ್ಡೆ ಲೋಳೆಯಾಗಿ ಮೂಗು ಮುಚ್ಚುವಂಥ ನಾತ ಬಂದರೆ ಬ್ಯಾಕ್ಟೀರಿಯಾ ಕೊಳೆ ಸೇರಿಕೊಂಡಿದೆ ಎಂದರ್ಥ. ಎಲೆ, ಮೊಗ್ಗಿನ ಮೇಲೆ ಬೂದು ಬಣ್ಣದ ಪುಡಿ ಬೂಷ್ಟು ಇದ್ದರೆ ಅದು ಬೋಟ್ರೈಟಿಸ್. ಅದು ತಂಪಿನ ರೋಗ, ಇದು ಸೆಕೆಯ ರೋಗ.

ಯಾವ ಯಾವ ಗಡ್ಡೆಗೆ ಬರುತ್ತೆ?

ಬಾರದ ಗಡ್ಡೆಯ ಪಟ್ಟಿ ಮಾಡುವುದೇ ಕಷ್ಟ. ಈ ಶಿಲೀಂಧ್ರ 500ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಹಿಡಿಯುತ್ತದೆ. ಶೇಂಗಾ, ಟೊಮೇಟೊ, ಮೆಣಸಿನಕಾಯಿ, ಹುರುಳಿಕಾಯಿ ಎಲ್ಲವೂ ಅದರಲ್ಲಿವೆ. ಹೂಗಡ್ಡೆಗಳ ಪೈಕಿ ಸುಗಂಧರಾಜ, ಲಿಲ್ಲಿ, ಗ್ಲಾಡಿಯೋಲಸ್, ಐರಿಸ್, ಕ್ಯಾಲಡಿಯಂ, ಡೇರೆ ಇದರ ಬಾಯಿಗೆ ಸುಲಭವಾಗಿ ಬೀಳುತ್ತವೆ. ಟ್ಯೂಲಿಪ್, ನಾರ್ಸಿಸಸ್‌ಗಳಿಗೂ ಬರಬಹುದು, ಆದರೆ ಅವು ಬೆಳೆಯುವುದು ತಂಪಿನಲ್ಲಾದ್ದರಿಂದ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ.

ಮಕ್ಕಳು, ನಾಯಿ ಬೆಕ್ಕು ಓಡಾಡೋ ಜಾಗ. ಅವರಿಗೆ ಅಂಟುತ್ತಾ?

ಇಲ್ಲ, ಇದು ಗಿಡದ ರೋಗ. ಬೆಕ್ಕು ಇರುವ ಮನೆಯಲ್ಲಿ ಭಯಪಡಬೇಕಾದದ್ದು ಲಿಲ್ಲಿ ಗಿಡಕ್ಕೇ. ಅದರ ಎಲೆ, ಹೂವು, ಪರಾಗ ಎಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ.

## ಎಲ್ಲಿಂದ ಬರುತ್ತದೆ, ಹೇಗೆ ಬದುಕುತ್ತದೆ

ಹೊಸ ಮಡಿ ಮಾಡಿ ಹೊಸ ಗಡ್ಡೆ ನೆಟ್ಟಿದ್ದೆ. ರೋಗ ಎಲ್ಲಿಂದ ಬಂತು?

ಮೂರು ದಾರಿ. ಒಂದು, ಗಡ್ಡೆಯ ಜತೆಗೇ: ಹೊರಪದರದ ಮಡಿಕೆಯಲ್ಲಿ, ಒಣಗಿದ ಬೇರಿನ ಸಿಕ್ಕಿನಲ್ಲಿ, ಅಂಟಿದ ಮಣ್ಣಿನಲ್ಲಿ ಗುಂಡುಗಳು ಕೂತು ಬರುತ್ತವೆ. ಎರಡು, ತಂದು ಸುರಿದ ಮಣ್ಣು, ಹೊದಿಕೆ, ಗೊಬ್ಬರದ ಜತೆ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರವನ್ನು ವಿಶೇಷವಾಗಿ ಅನುಮಾನಿಸಿ. ದನ, ಕುರಿಗಳ ಹೊಟ್ಟೆಯಲ್ಲಿ ಹಾದು ಹೊರಬಂದ ಗುಂಡುಗಳೂ ಮೊಳೆಯಬಲ್ಲವು ಎಂಬುದು 1930ರ ದಶಕದಲ್ಲೇ ಗೊತ್ತಾಗಿತ್ತು. ಮೂರು, ಅದು ಅಲ್ಲೇ ಮೊದಲೇ ಇತ್ತು. ನೀವು ಮಡಿ ಮಾಡುವ ಮುಂಚೆ ಅಲ್ಲಿ ಟೊಮೇಟೊ ಬಾಡಿ ಸತ್ತಿದ್ದರೆ ಯಾರೂ ಬುಡ ನೋಡಿರುವುದಿಲ್ಲ.

ಪಕ್ಕದ ಮನೆ ತೋಟದಲ್ಲಿ ಬಂದಿದೆ. ಗಾಳಿಯಲ್ಲಿ ಹಾರಿ ಬರುತ್ತಾ?

ಗಾಳಿಯ ಚಿಂತೆ ಬಿಡಿ. ತೋಟದಲ್ಲಿ ಹರಡಲು ಈ ಶಿಲೀಂಧ್ರ ಗಾಳಿಗೆ ತೂರುವ ಬೀಜಕಗಳನ್ನು ನೆಚ್ಚಿಲ್ಲ. ಬೀಜಕ ಬಿಡುವ ಹಂತ ಅದಕ್ಕೆ ಇದೆಯಾದರೂ ಕಾಣಸಿಗುವುದು ಅಪರೂಪ. ಅದು ನಡೆಯುವುದು ನಿಮ್ಮ ಚಪ್ಪಲಿಯ ಮೇಲೆ, ಕುರ್ಪಿಯ ಮೇಲೆ, ಹರಿಯುವ ನೀರಿನಲ್ಲಿ, ಕೊಟ್ಟು ತೆಗೆದುಕೊಳ್ಳುವ ಗಡ್ಡೆಯಲ್ಲಿ. ಪಕ್ಕದ ಮನೆಯ ನೀರು ನಿಮ್ಮ ಕಡೆ ಹರಿಯುತ್ತಿದ್ದರೆ ನಡುವೆ ಒಂದು ಬದು ಹಾಕಿ. ಅಕ್ಕಪಕ್ಕದವರಿಂದ ಪ್ರೀತಿಯಿಂದ ಬಂದ ಗಡ್ಡೆಗಳನ್ನು ತೊಳೆದು, ಬೇರೆ ಕುಂಡದಲ್ಲಿ ಒಂದು ಹಂಗಾಮು ಇಟ್ಟು ನೋಡಿ, ಆಮೇಲೆ ಮಡಿಗೆ ಇಳಿಸಿ.

ಒಂದೊಂದು ವರ್ಷ ಸುಳಿವೇ ಇರಲ್ಲ, ಮತ್ತೊಂದು ವರ್ಷ ಸಾಲಾಗಿ ಬೀಳುತ್ತವೆ. ಯಾಕೆ ಹೀಗೆ?

ಗುಂಡುಗಳು ಕಾಯುತ್ತಿರುತ್ತವೆ, ಅಷ್ಟೆ. ಅವುಗಳನ್ನು ಎಬ್ಬಿಸುವ ಸಂಗತಿಗಳು ಕೂಡಿಬಂದ ವರ್ಷ ರೋಗ ಕಾಣುತ್ತದೆ.

ಮೊದಲನೆಯದು ಬಿಸಿ. 25ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಈ ಶಿಲೀಂಧ್ರ ಚುರುಕಾಗಿ ಬೆಳೆಯುತ್ತದೆ, ತಂಪಿನಲ್ಲಿ ಸುಮ್ಮನಿರುತ್ತದೆ. ಎರಡನೆಯದು ಒಣಗಿ ನೆನೆಯುವುದು. ಮೇಲ್ಮಣ್ಣು ಚೆನ್ನಾಗಿ ಒಣಗಿ, ಆಮೇಲೆ ಒಮ್ಮೆಲೇ ಮಳೆಯೋ ನೀರೋ ಬಿದ್ದರೆ ಗುಂಡುಗಳು ಒಟ್ಟಿಗೇ ಮೊಳೆಯುತ್ತವೆ. ಬೇಸಿಗೆ ಮುಗಿದ ಮೊದಲ ಮಳೆಗಳ ಬೆನ್ನಿಗೇ ಗಿಡ ಬೀಳುವುದು ಇದೇ ಕಾರಣಕ್ಕೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಒಣಗಿದ ಎಲೆ ತೇವವಾಗಿ ಕೊಳೆಯತೊಡಗಿದಾಗ ಹೊರಡುವ ಆಲ್ಕೋಹಾಲ್‌ನಂಥ ಆವಿಗಳೇ ಗುಂಡುಗಳಿಗೆ ಎಚ್ಚರಿಕೆಯ ಗಂಟೆ. ಆ ಆವಿ ಸೋಕಿದ ಗುಂಡು ಮೊಳೆತು, ಮೊದಲು ಆ ತರಗೆಲೆಯನ್ನು ತಿಂದು ಬಲ ಕೂಡಿಸಿಕೊಂಡು, ಆಮೇಲೆ ನಿಮ್ಮ ಗಿಡದ ಮೇಲೆ ಬೀಳುತ್ತದೆ. ಬುಡಕ್ಕೆ ತಾಗಿದ ಒಣ ಎಲೆ ಇಲ್ಲದಿದ್ದರೆ ಅದರ ಅರ್ಧ ಶಕ್ತಿ ಹೋದಂತೆ.

ಇಷ್ಟು ಬೇಗ ಗಿಡವನ್ನು ಕೊಲ್ಲೋದು ಹೇಗೆ?

ಅದು ಗಿಡದೊಳಗೆ ನುಗ್ಗುವ ಮೊದಲೇ ಹೊರಗಿನಿಂದ ಕೊಲ್ಲುತ್ತದೆ. ಎಳೆಗಳು ಆಕ್ಸಾಲಿಕ್ ಆಮ್ಲವನ್ನು ಸುರಿಸುತ್ತವೆ. ಆ ಆಮ್ಲ ಗಿಡದ ಜೀವಕೋಶದ ಗೋಡೆಗಳಲ್ಲಿರುವ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ. ಸಡಿಲಾದ ಗೋಡೆಯನ್ನು ಶಿಲೀಂಧ್ರದ ಕಿಣ್ವಗಳು ಕರಗಿಸುತ್ತವೆ. ಎರಡೂ ಸೇರಿ ಕೆಲಸ ಮಾಡುತ್ತವೆ ಎಂಬುದನ್ನು 1965ರಲ್ಲೇ ತೋರಿಸಲಾಗಿತ್ತು. ಹೀಗೆ ಸತ್ತ ಭಾಗವನ್ನು ಅದು ಆಮೇಲೆ ತಿನ್ನುತ್ತದೆ. ಹಾಗಾಗಿ ಬುಡದಲ್ಲಿ ಬಿಳಿ ಎಳೆ ಸುತ್ತಿದ ಗಿಡ ಮೇಲೆ ಹಸಿರಾಗಿದ್ದರೂ ಅದನ್ನು ಉಳಿದ ಗಿಡ ಎಂದು ಲೆಕ್ಕ ಹಾಕಬೇಡಿ.

ಮಣ್ಣಲ್ಲಿ ಎಷ್ಟು ವರ್ಷ ಇರುತ್ತೆ?

ಮೇಲ್ಮಣ್ಣಿನಲ್ಲಿ ಕೆಲವು ವರ್ಷ. ಒಣ ಜಾಗದಲ್ಲಿ ಗುಂಡುಗಳು ಬಹಳ ಬಾಳುತ್ತವೆ. ಆಳದಲ್ಲಿ, ತೇವದಲ್ಲಿ, ಜೀವಾಣುಗಳು ತುಂಬಿದ ಮಣ್ಣಿನಲ್ಲಿ ಬೇಗ ಕೊಳೆಯುತ್ತವೆ. ಮಣ್ಣಿನ ಮೇಲಿನ ಕೆಲವೇ ಸೆಂಟಿಮೀಟರ್‌ನಲ್ಲಿ ಇರುವವು ಮಾತ್ರ ಚೆನ್ನಾಗಿ ಮೊಳೆಯುತ್ತವೆ, ಏಕೆಂದರೆ ಈ ಶಿಲೀಂಧ್ರಕ್ಕೆ ಗಾಳಿ ಧಾರಾಳವಾಗಿ ಬೇಕು. ಮುಂದೆ ಹೇಳುವ ಕೆಲಸಗಳೆಲ್ಲ ಈ ಒಂದು ದೌರ್ಬಲ್ಯದ ಮೇಲೆಯೇ ನಿಂತಿವೆ.

## ಕಂಡ ದಿನವೇ ಮಾಡಬೇಕಾದ್ದು

ಒಂದೇ ಗಿಡಕ್ಕೆ ಬಂದಿದೆ. ಈಗ ಏನು ಮಾಡಲಿ?

ಇವತ್ತೇ ಮಾಡಿ, ಭಾನುವಾರಕ್ಕೆ ಇಡಬೇಡಿ. ಬಿಳಿ ಎಳೆಯಿಂದ ಕಂದು ಗುಂಡಾಗಲು ಒಂದೆರಡು ವಾರ ಸಾಕು.

ಅಗಲ ಬಾಯಿಯ ದಪ್ಪ ಚೀಲವೊಂದನ್ನು ಗಿಡದ ಪಕ್ಕಕ್ಕೇ ತನ್ನಿ. ಗಿಡವನ್ನು ಜಗ್ಗಿ ಎತ್ತಬೇಡಿ, ಮಣ್ಣು ಉದುರಿ ಗುಂಡುಗಳೆಲ್ಲ ಚೆಲ್ಲುತ್ತವೆ. ಬಿಳಿ ಎಳೆ ಕಾಣುವ ಅಂಚಿನಿಂದ ಆಚೆಗೆ ಸುಮಾರು 15 ಸೆಂಟಿಮೀಟರ್ ಬಿಟ್ಟು ಸುತ್ತಲೂ ಸಲಿಕೆ ಊರಿ. 20 ಸೆಂಟಿಮೀಟರ್ ಆಳದವರೆಗೆ ಗಿಡ, ಗಡ್ಡೆ, ಮಣ್ಣು, ಮೇಲಿನ ತರಗೆಲೆ ಎಲ್ಲವನ್ನೂ ಒಟ್ಟಿಗೇ ಎತ್ತಿ ಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ. ಚೀಲವನ್ನು ಮಡಿಯ ಮೇಲೆ ಎಳೆದುಕೊಂಡು ಹೋಗಬೇಡಿ. ಗುಂಡಿಗೆ ಬೇರೆ ಕಡೆಯ ಆರೋಗ್ಯವಂತ ಮಣ್ಣು ತುಂಬಿ, ಈ ಹಂಗಾಮಿನಲ್ಲಿ ಅಲ್ಲಿ ಏನನ್ನೂ ನೆಡಬೇಡಿ.

ಆಮೇಲೆ ಸಲಿಕೆ, ಕುರ್ಪಿ, ಚಪ್ಪಲಿಯ ಅಡಿ ತೊಳೆಯಿರಿ. ಇಲ್ಲಿ ಸ್ಪಿರಿಟ್ ಒರೆಸುವುದಕ್ಕಿಂತ ಬ್ರಷ್ ಹಾಕಿ ಮಣ್ಣು ಉಜ್ಜಿ ತೆಗೆಯುವುದು ಮುಖ್ಯ. ಗುಂಡಿನ ಗಟ್ಟಿ ಸಿಪ್ಪೆಯೊಳಗೆ ದ್ರಾವಣ ಅಷ್ಟು ಬೇಗ ಇಳಿಯುವುದಿಲ್ಲ. ತೊಳೆದ ನೀರನ್ನು ಮಡಿಗೆ ಬಿಡಬೇಡಿ.

ಅಕ್ಕಪಕ್ಕದ ಗಿಡಗಳ ಬುಡವನ್ನು ಬೆರಳಿನಿಂದ ತುಸು ಬಿಡಿಸಿ ನೋಡಿ. ಚೆನ್ನಾಗಿದ್ದರೆ ಬುಡಕ್ಕೆ ತಾಗಿದ ಒಣ ಎಲೆಗಳನ್ನೆಲ್ಲ ತೆಗೆದು, ಮಣ್ಣು ಕಾಣುವಂತೆ ಬಿಡಿ. ಬಿಸಿಲು ಬುಡಕ್ಕೆ ಬೀಳಲಿ.

ಗಡ್ಡೆ ಅರ್ಧ ಗಟ್ಟಿಯಾಗೇ ಇದೆ. ಕೊಳೆತದ್ದನ್ನು ಕತ್ತರಿಸಿ ಉಳಿಸಬಹುದಾ?

ಸಾಮಾನ್ಯ ತಳಿಯಾದರೆ ಬೇಡ, ಬಿಟ್ಟುಬಿಡಿ. ಮತ್ತೆ ಸಿಗದ ತಳಿ, ಅಥವಾ ಯಾರದೋ ನೆನಪಿನ ಗಿಡವಾದರೆ ಪ್ರಯತ್ನಿಸಬಹುದು. ಕೊಳೆತದ್ದನ್ನೂ ಅದರಾಚೆಗಿನ ಒಂದು ಬೆರಳಗಲ ಗಟ್ಟಿ ಭಾಗವನ್ನೂ ಕತ್ತರಿಸಿ, ಹೊರಪದರ ಸುಲಿದು, ಹರಿಯುವ ನೀರಿನಲ್ಲಿ ತೊಳೆದು, ನೆರಳಲ್ಲಿ ಗಾಳಿಗೆ ಗಾಯ ಒಣಗಿಸಿ. ಲಿಲ್ಲಿಯಲ್ಲಾದರೆ ಗಟ್ಟಿಯಾಗಿರುವ ಒಳ ಎಸಳುಗಳನ್ನು ಬಿಡಿಸಿ, ಒಂದೊಂದರಿಂದಲೂ ಮರಿಗಡ್ಡೆ ಎಬ್ಬಿಸುವುದು ಇಡೀ ಗಡ್ಡೆ ಉಳಿಸುವುದಕ್ಕಿಂತ ನಂಬಿಕಸ್ಥ ದಾರಿ. ಯಾವುದಾದರೂ ಸರಿ, ಹೊಸ ಮಿಶ್ರಣದ ಕುಂಡದಲ್ಲಿ, ಉಳಿದವುಗಳಿಂದ ದೂರ.

ಕಿತ್ತಿದ್ದನ್ನ ಗೊಬ್ಬರದ ಗುಂಡಿಗೆ ಹಾಕಬಹುದಲ್ವಾ, ಕೊಳೆತು ಹೋಗುತ್ತೆ?

ಬೇಡ. ಚೆನ್ನಾಗಿ ಕಾವೇರಿದ ದೊಡ್ಡ ರಾಶಿಯ ನಡುಭಾಗದಲ್ಲಿ ಗುಂಡುಗಳು ಸಾಯುತ್ತವೆ, ನಿಜ. ಮನೆಯ ರಾಶಿ ಅಷ್ಟು ಕಾವೇರುವುದು ಅಪರೂಪ. ಏರಿದರೂ ಅಂಚು ತಣ್ಣಗೇ ಇರುತ್ತದೆ. ಆ ಅಂಚಿನ ಒಂದು ಬುಟ್ಟಿ ಗೊಬ್ಬರ ಸಾಕು, ರೋಗ ಎಲ್ಲ ಮಡಿಗೂ ತಲುಪುತ್ತದೆ. ಚೀಲ ಕಟ್ಟಿ ಕಸಕ್ಕೆ ಕೊಡಿ, ಅಥವಾ ಗಿಡ ಬೆಳೆಸದ ಮೂಲೆಯಲ್ಲಿ ಮೊಣಕಾಲು ಆಳ ಹೂತು, ಮತ್ತೆಂದೂ ಆ ಜಾಗ ಅಗೆಯಬೇಡಿ.

ನೀರು ಕೊಡೋದನ್ನ ನಿಲ್ಲಿಸಬೇಕಾ?

ನಿಲ್ಲಿಸಿ ಮಣ್ಣು ಬಿರಿಯುವಷ್ಟು ಒಣಗಿಸಿ ಮತ್ತೆ ಸುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬುಡ ತೋಯಿಸದೆ, ಗಿಡದಿಂದ ಒಂದು ಗೇಣು ಆಚೆ, ಬೆಳಗ್ಗೆ ಕೊಡಿ. ಸಂಜೆಯ ನೀರು ರಾತ್ರಿಯಿಡೀ ಮೇಲ್ಮಣ್ಣನ್ನು ತೇವವಾಗಿ ಇಡುತ್ತದೆ. ನೀರು ನಿಲ್ಲುವ ಮಡಿಯಾದರೆ ಎತ್ತರಿಸುವುದೇ ಪರಿಹಾರ.

## ಮಡಿಯನ್ನು ಸರಿಮಾಡುವುದು

ಹೊದಿಕೆ ಹಾಕಿದರೆ ಒಳ್ಳೇದು ಅಂತಾರೆ, ನೀವು ತೆಗೀರಿ ಅಂತೀರಿ. ಯಾವುದು ಸರಿ?

ರೋಗ ಬಂದ ಮಡಿಯಲ್ಲಿ, ಸೆಕೆ ಮತ್ತು ತೇವ ಕೂಡಿರುವ ತಿಂಗಳುಗಳಲ್ಲಿ, ಗಿಡದ ಬುಡದ ಸುತ್ತ ಒಂದು ಗೇಣು ದೂರದವರೆಗೆ ಹೊದಿಕೆ ಬೇಡ. ಅದರಾಚೆಗೆ ಚೆನ್ನಾಗಿ ಕಳಿತದ್ದನ್ನು ಹಾಕಬಹುದು. ಹಸಿ ಎಲೆ, ಕತ್ತರಿಸಿದ ಹುಲ್ಲು, ಅರೆ ಕಳಿತ ಗೊಬ್ಬರ ಇವೆಲ್ಲ ಆ ಶಿಲೀಂಧ್ರಕ್ಕೆ ಬಡಿಸಿದ ಊಟ. ಕಳೆ ಕಿತ್ತು ಅಲ್ಲೇ ಬಿಡುವ ಅಭ್ಯಾಸವನ್ನೂ ಬಿಡಿ.

ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಮಣ್ಣು ಕಾಯಿಸಿದ್ದೆ. ಆದರೂ ಬಂತಲ್ಲ?

ಮಾಡಿದ ಬಗೆಯನ್ನು ಕೇಳಿದರೆ ಬಹುತೇಕ ಎಲ್ಲರದೂ ಒಂದೇ ಕಥೆ: ಕಪ್ಪು ಹಾಳೆ, ಒಣ ಮಣ್ಣು, ಹತ್ತು ಹದಿನೈದು ದಿನ. ಮೂರೂ ತಪ್ಪು.

ಈ ಪದ್ಧತಿಯನ್ನು 1976ರಲ್ಲಿ ಇಸ್ರೇಲಿನ ಯಾಕೋವ್ ಕಾತಾನ್ ಮತ್ತು ಸಂಗಡಿಗರು ಪ್ರಕಟಿಸಿದರು. ಹಾಳೆ ಪಾರದರ್ಶಕವಾಗಿರಬೇಕು, ಆಗಲೇ ಬಿಸಿಲು ಒಳಹೊಕ್ಕು ಮಣ್ಣು ಕಾಯುತ್ತದೆ. ಕಪ್ಪು ಹಾಳೆ ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. 25–50 ಮೈಕ್ರಾನ್ ದಪ್ಪದ ತೆಳು ಹಾಳೆ ಒಳ್ಳೆಯದು. ಮೊದಲು ಕಸಕಡ್ಡಿ ತೆಗೆದು, ಹೆಂಟೆ ಒಡೆದು ಮಟ್ಟ ಮಾಡಿ. ಒಂದಡಿ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಒದ್ದೆ ಮಣ್ಣಿನಲ್ಲಿ ಬಿಸಿ ಕೆಳಗಿಳಿಯುತ್ತದೆ, ನೆನೆದ ಗುಂಡು ಒಣ ಗುಂಡಿಗಿಂತ ಬೇಗ ಸಾಯುತ್ತದೆ. ಹಾಳೆ ಮಣ್ಣಿಗೆ ಅಂಟಿಕೊಂಡಿರಲಿ, ಅಂಚನ್ನು ಮಣ್ಣಿನಲ್ಲಿ ಹೂಳಿ. ವರ್ಷದ ಅತಿ ಬಿಸಿಯ ಕಾಲದಲ್ಲಿ 4ರಿಂದ 6 ವಾರ.

ಪುಟ್ಟ ಮಡಿಗಳಿಗೆ ಒಂದು ತೊಡಕಿದೆ: ಅಂಚು ನಡುವಿನಷ್ಟು ಕಾಯುವುದಿಲ್ಲ. ಹಾಗಾಗಿ ಹಾಳೆಯನ್ನು ಮಡಿಗಿಂತ ಎರಡಡಿ ಆಚೆಗೂ ಹೊದಿಸಿ. ತೆಗೆದ ಮೇಲೆ ಆಳವಾಗಿ ಅಗೆಯಬೇಡಿ, ಕೆಳಗೆ ಕಾಯದೆ ಉಳಿದದ್ದು ಮೇಲೆ ಬರುತ್ತದೆ. ಪೂರ್ತಿ ಸಾಯದ ಗುಂಡುಗಳೂ ಈ ಬಿಸಿಗೆ ಬಿರುಕು ಬಿಟ್ಟು ದುರ್ಬಲವಾಗಿರುತ್ತವೆ, ಆಗ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಅವುಗಳನ್ನು ಸುಲಭವಾಗಿ ಮುಗಿಸುತ್ತದೆ. ನನ್ನ ಮಟ್ಟಿಗೆ ಮನೆತೋಟದಲ್ಲಿ ಈ ಜೋಡಿಯನ್ನು ಮೀರಿಸುವ ಉಪಾಯವಿಲ್ಲ.

ಮರದ ನೆರಳಿನ ಮಡಿ, ಬಿಸಿಲೇ ಬೀಳಲ್ಲ. ನಾನೇನು ಮಾಡಲಿ?

ಮಣ್ಣು ಮಗುಚಿ. ಮೇಲಿನ 10 ಸೆಂಟಿಮೀಟರ್ ಪದರವನ್ನು ತೆಗೆದು ಒಂದು ಹಾಳೆಯ ಮೇಲೆ ಇಡಿ. ಅದರ ಕೆಳಗಿನ 20 ಸೆಂಟಿಮೀಟರ್ ತೆಗೆದು ಇನ್ನೊಂದು ಕಡೆ ಇಡಿ. ಈಗ ಮೊದಲ ಪದರವನ್ನು ಗುಂಡಿಯ ತಳಕ್ಕೆ ಹಾಕಿ, ಎರಡನೆಯದನ್ನು ಅದರ ಮೇಲೆ. ಆಳಕ್ಕೆ ಹೋದ ಗುಂಡುಗಳು ಗಾಳಿಯಿಲ್ಲದೆ ಮೊಳೆಯಲಾರವು, ಅಲ್ಲಿನ ಜೀವಾಣುಗಳು ಅವುಗಳನ್ನು ತಿನ್ನುತ್ತವೆ. ಒಂದೇ ಷರತ್ತು: ಮುಂದಿನ ಕೆಲವು ವರ್ಷ ಅಲ್ಲಿ ಕುರ್ಪಿಯಷ್ಟೇ, ಸಲಿಕೆ ಇಲ್ಲ. ಆಳವಾಗಿ ನೆಡುವ ಗಡ್ಡೆಗಳನ್ನೂ ಅಲ್ಲಿ ಹಾಕಬೇಡಿ, ನೆಡುವ ಗುಂಡಿಯೇ ಅವನ್ನು ಮೇಲೆತ್ತುತ್ತದೆ.

ಕುಂಡದ ಮಣ್ಣನ್ನು ಮತ್ತೆ ಬಳಸಬಹುದಾ?

ಸ್ವಲ್ಪ ಮಣ್ಣಾದರೆ ಎಸೆಯುವುದೇ ಲೇಸು. ಹೆಚ್ಚಿದ್ದರೆ ತೇವ ಮಾಡಿ ಹಬೆಯಲ್ಲಿ ಕಾಯಿಸಬಹುದು: ರಾಶಿಯ ನಟ್ಟನಡುವೆ 70 ಡಿಗ್ರಿ ಮುಟ್ಟಿದ ಮೇಲೆ ಅರ್ಧ ಗಂಟೆ. ಕುಂಡವನ್ನೂ ಉಜ್ಜಿ ತೊಳೆದು ಬಿಸಿಲಿಗಿಡಿ. ಮಣ್ಣಿನ ಕುಂಡದ ತಳದ ತೂತಿನ ಅಂಚು ಗುಂಡುಗಳಿಗೆ ಅಡಗುದಾಣ.

ಸುಣ್ಣ ಹಾಕಿದರೆ ಹೋಗುತ್ತೆ ಅಂತಾರೆ, ನಿಜಾನಾ?

ಅರ್ಧ ನಿಜ. ಈ ಶಿಲೀಂಧ್ರಕ್ಕೆ ಹುಳಿ ಮಣ್ಣು ಪ್ರಿಯ. ರಸಸಾರ (pH) 7 ದಾಟಿದರೆ ಗುಂಡುಗಳು ಮೊಳೆಯುವುದು ಕಡಿಮೆಯಾಗುತ್ತದೆ. ಸುಣ್ಣದ ಕ್ಯಾಲ್ಸಿಯಂ ಆಕ್ಸಾಲಿಕ್ ಆಮ್ಲವನ್ನು ಹಿಡಿದು ಹಾಕುತ್ತದೆ ಎಂಬುದೂ ಹೌದು. ಆದರೆ ಹುಳಿ ಮಣ್ಣನ್ನೇ ಬಯಸುವ ಲಿಲ್ಲಿ ತಳಿಗಳಿಗೆ ಅಷ್ಟು ಸುಣ್ಣ ಹಾಕಿದರೆ ಎಲೆ ಬಿಳುಚಿಕೊಳ್ಳುತ್ತದೆ. ಮಣ್ಣಿನ ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಮಾತ್ರ ಹಾಕಿ. ರೋಗ ಬಂದ ಗಿಡದ ಬುಡಕ್ಕೆ ಒಂದು ಹಿಡಿ ಸುಣ್ಣ ಎರಚುವುದು ಬರೀ ಸಮಾಧಾನಕ್ಕೆ.

ಟ್ರೈಕೋಡರ್ಮಾ ಹಾಕಿದ್ದೆ, ಏನೂ ಪ್ರಯೋಜನ ಆಗಲಿಲ್ಲ.

ರೋಗ ಬಂದ ಗಿಡಕ್ಕೆ ಹಾಕಿದರೆ ಆಗುವುದಿಲ್ಲ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಅದು ಮಣ್ಣಿನಲ್ಲಿ ಮೊದಲೇ ನೆಲೆಯೂರಿ, ಸ್ಕ್ಲೆರೋಷಿಯಂನ ಎಳೆಗಳನ್ನು ಸುತ್ತಿ, ಗುಂಡುಗಳೊಳಗೆ ಹೊಕ್ಕು ತಿನ್ನಬೇಕು. ಅದಕ್ಕೆ ಸಮಯ ಬೇಕು. 1972ರಲ್ಲಿ ಅಮೆರಿಕದ ಜಾರ್ಜಿಯಾದ ಹೊಲಗಳಲ್ಲಿ ಟ್ರೈಕೋಡರ್ಮಾ ಹಾರ್ಜಿಯಾನಂ ಈ ರೋಗವನ್ನು ತಗ್ಗಿಸಿದ್ದು ದಾಖಲಾಗಿದೆ. ಅಲ್ಲಿಯೂ ಅದನ್ನು ಆಹಾರದ ಮೇಲೆ ಬೆಳೆಸಿಯೇ ಮಣ್ಣಿಗೆ ಹಾಕಿದ್ದರು, ಬರೀ ಪುಡಿ ಎರಚಿರಲಿಲ್ಲ.

ನೆಡುವ ಎರಡು ವಾರ ಮೊದಲು, ಒಂದು ಕಿಲೋ ಚೆನ್ನಾಗಿ ಕಳಿತ ಗೊಬ್ಬರಕ್ಕೆ 10 ಗ್ರಾಂ ಲೆಕ್ಕದಲ್ಲಿ ಬೆರೆಸಿ, ಹಿಡಿದರೆ ಉಂಡೆಯಾಗುವಷ್ಟು ತೇವ ಮಾಡಿ, ನೆರಳಲ್ಲಿ ಗೋಣಿಚೀಲ ಮುಚ್ಚಿಡಿ. ಮಧ್ಯೆ ಒಂದೆರಡು ಸಲ ಮಗುಚಿ. ಹಸಿರು ಬೂಷ್ಟು ಹಬ್ಬಿದ ಮೇಲೆ ಮೇಲ್ಮಣ್ಣಿಗೆ ಬೆರೆಸಿ. ಪೊಟ್ಟಣದ ಮೇಲಿನ ಅವಧಿ ನೋಡಿ ಕೊಳ್ಳಿ. ಬಿಸಿಲಲ್ಲಿ ಬಿದ್ದಿದ್ದ ಪೊಟ್ಟಣದಲ್ಲಿ ಜೀವ ಉಳಿದಿರುವುದಿಲ್ಲ.

ಆ ಜಾಗದಲ್ಲಿ ಗಡ್ಡೆ ಬಿಟ್ಟು ಬೇರೆ ಏನು ನೆಡಬಹುದು?

ಹುಲ್ಲಿನ ಜಾತಿಯವು ಎಲ್ಲಕ್ಕಿಂತ ವಾಸಿ: ಜೋಳ, ಮೆಕ್ಕೆಜೋಳ, ಅಲಂಕಾರದ ಹುಲ್ಲುಗಳು. ಎರಡು ಮೂರು ವರ್ಷ ಇವಿದ್ದರೆ ಗುಂಡುಗಳ ಸಂಖ್ಯೆ ಇಳಿಯುತ್ತದೆ. ದ್ವಿದಳ, ಟೊಮೇಟೊ, ಬದನೆ ಕುಟುಂಬದವು ಬೇಡವೇ ಬೇಡ.

## ಗಡ್ಡೆ, ಬಿಸಿನೀರು, ಔಷಧಿ

ಕಿತ್ತು ಕಾಪಿಡುವ ಗಡ್ಡೆಗಳಲ್ಲಿ ರೋಗ ಇದೆಯಾ ಅಂತ ಹೇಗೆ ತಿಳಿಯೋದು?

ಕೀಳುವಾಗಲೇ ವಿಂಗಡಿಸಿ. ರೋಗದ ಗಿಡ ಇದ್ದ ಜಾಗಕ್ಕೆ ಹತ್ತಿರವಿದ್ದ ಗಡ್ಡೆಗಳು ಬೇರೆ, ದೂರದವು ಬೇರೆ. ಮಣ್ಣು ತೊಳೆದು, ನೆರಳಲ್ಲಿ ಗಾಳಿಯಾಡುವಂತೆ ಹರಡಿ ಒಣಗಿಸಿ. ಒಣಗಿದ ಮೇಲೆ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ: ಕುತ್ತಿಗೆಯಲ್ಲಾಗಲಿ ತಳದಲ್ಲಾಗಲಿ ಮೆತ್ತಗಿದ್ದರೆ ಹೊರಗೆ. ಸಡಿಲ ಪದರ ಸುಲಿದು ಗುಂಡು ಹುಡುಕಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ಒಂದು ಕೊಳೆತದ್ದು ಸಿಕ್ಕಿದರೆ ಅದಕ್ಕೆ ತಾಗಿಕೊಂಡಿದ್ದವನ್ನೂ ಬೇರೆ ಇಡಿ.

ಬಿಸಿನೀರಲ್ಲಿ ಅದ್ದಿದರೆ ಸಾಯುತ್ತಂತೆ. ಎಷ್ಟು ಬಿಸಿ, ಎಷ್ಟು ಹೊತ್ತು?

ಕ್ಯಾಲಡಿಯಂ ಗಡ್ಡೆಗೆ ಇದು ಚೆನ್ನಾಗಿ ಒಗ್ಗುತ್ತದೆ: ಸುಪ್ತಾವಸ್ಥೆಯಲ್ಲಿರುವ ಗಡ್ಡೆಯನ್ನು 50 ಡಿಗ್ರಿ ನೀರಿನಲ್ಲಿ 30 ನಿಮಿಷ ಇಟ್ಟು, ತಕ್ಷಣ ತಣ್ಣೀರಿಗೆ ಹಾಕಿ, ಒಣಗಿಸುವುದು. ಗ್ಲಾಡಿಯೋಲಸ್‌ನ ಬಲಿತ ಮರಿಗಡ್ಡೆಗಳು ಇನ್ನೂ ತುಸು ಹೆಚ್ಚಿನ ಬಿಸಿ ತಡೆಯುತ್ತವೆ, ದೊಡ್ಡ ಗಡ್ಡೆಗಳು ತಡೆಯುವುದಿಲ್ಲ. ಲಿಲ್ಲಿಗೆ ಈ ಬಿಸಿ ಬೇಡ, ಎಸಳು ಬೆಂದುಹೋಗುತ್ತದೆ. ನೀರಿನ ಬಿಸಿ ಎರಡು ಡಿಗ್ರಿ ಹೆಚ್ಚಾದರೆ ಗಡ್ಡೆ ಸಾಯುತ್ತದೆ, ಎರಡು ಡಿಗ್ರಿ ಕಡಿಮೆಯಾದರೆ ಶಿಲೀಂಧ್ರ ಉಳಿಯುತ್ತದೆ. ಥರ್ಮಾಮೀಟರ್ ಇಲ್ಲದೆ, ಕೈ ಅದ್ದಿ ಅಂದಾಜು ಮಾಡುವವರು ಇದಕ್ಕೆ ಕೈ ಹಾಕದಿರುವುದೇ ಮೇಲು. ನಾಲ್ಕೈದು ಗಡ್ಡೆಯಲ್ಲಿ ಮೊದಲು ಪ್ರಯೋಗಿಸಿ.

ಕಾರ್ಬೆಂಡಜಿಮ್ ಸುರಿದು ಸುರಿದು ಸಾಕಾಯ್ತು. ಯಾಕೆ ಕೆಲಸ ಮಾಡ್ತಿಲ್ಲ?

ಅದು ಈ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದ್ದಲ್ಲ. ಫ್ಯುಸೇರಿಯಂನಂಥವುಗಳ ಮೇಲೆ ನಡೆಯುವ ಕಾರ್ಬೆಂಡಜಿಮ್ ಗುಂಪಿನ ಔಷಧಿಗಳು ಅಣಬೆಯ ಬಳಗಕ್ಕೆ ಸೇರಿದ ಸ್ಕ್ಲೆರೋಷಿಯಂ ಮೇಲೆ ಬಹಳ ದುರ್ಬಲ. ಅಷ್ಟೇ ಅಲ್ಲ, ಅವು ಟ್ರೈಕೋಡರ್ಮಾವನ್ನು ಕೊಲ್ಲುತ್ತವೆ. ಅದೇ ಗುಂಪಿನ ಬೆನೊಮಿಲ್ ಸಿಂಪಡಿಸಿದ ಶೇಂಗಾ ಹೊಲಗಳಲ್ಲಿ ಈ ಕೊಳೆ ಹೆಚ್ಚಾದದ್ದು 1970ರ ದಶಕದಲ್ಲೇ ಕಂಡುಬಂದಿತ್ತು: ಶತ್ರುವನ್ನು ಬಿಟ್ಟು ಶತ್ರುವಿನ ಶತ್ರುವನ್ನು ಹೊಡೆದಂತಾಯಿತು. ಮೆಟಲಾಕ್ಸಿಲ್ ಕೂಡ ಇದಕ್ಕೆ ನಾಟುವುದಿಲ್ಲ, ಅದು ಪಿಥಿಯಂ, ಫೈಟಾಫ್ತೊರಾ ಎಂಬ ಬೇರೆ ಬಗೆಯ ಕೊಳೆಕಾರಕಗಳಿಗೆ. ಎಲೆಗೆ ತಾಮ್ರ ಸಿಂಪಡಿಸಿದರೆ ಬುಡದಲ್ಲಿರುವ ರೋಗಕ್ಕೆ ತಿಳಿಯುವುದೂ ಇಲ್ಲ.

ಹಾಗಾದರೆ ಯಾವ ಔಷಧಿ?

ಟೆಬುಕೊನಜೋಲ್, ಅಜಾಕ್ಸಿಸ್ಟ್ರೋಬಿನ್, ಫ್ಲುಟೋಲನಿಲ್, ಕಾರ್ಬಾಕ್ಸಿನ್ ಇವು ಈ ಶಿಲೀಂಧ್ರದ ಮೇಲೆ ಪರಿಣಾಮಕಾರಿ. ನೀವಿರುವಲ್ಲಿ ಹೂಗಿಡಕ್ಕೆ ಅನುಮತಿ ಇರುವುದು ಯಾವುದು, ಎಷ್ಟು ಪ್ರಮಾಣ ಎಂಬುದನ್ನು ಚೀಟಿಯಲ್ಲಿ ನೋಡಿಯೇ ಬಳಸಿ. ಕೈಗವಸು ಇಲ್ಲದೆ ಮುಟ್ಟಬೇಡಿ. ಇವು ಎಳೆಯನ್ನು ತಡೆಯುತ್ತವೆ, ಮಣ್ಣಿನಲ್ಲಿ ಮಲಗಿರುವ ಗುಂಡನ್ನು ಕೊಲ್ಲುವುದಿಲ್ಲ. ಆದ್ದರಿಂದ ಸರಿಯಾದ ಬಳಕೆ ಎಂದರೆ ರೋಗದ ಗಿಡವನ್ನು ಮಣ್ಣು ಸಮೇತ ತೆಗೆದ ಮೇಲೆ, ಸುತ್ತಲಿನ ಆರೋಗ್ಯವಂತ ಗಿಡಗಳ ಬುಡ ನೆನೆಯುವಂತೆ ಒಂದು ಸಲ ಹಾಕುವುದು. ಮುಂದಿನ ಸಲ ಬೇರೆ ಗುಂಪಿನದನ್ನು ಆರಿಸಿಕೊಳ್ಳಿ. ಟೆಬುಕೊನಜೋಲ್ ಹಾಕಿದ ಕಡೆ ಎರಡು ಮೂರು ವಾರ ಕಳೆಯುವವರೆಗೆ ಟ್ರೈಕೋಡರ್ಮಾ ಹಾಕಬೇಡಿ, ಅದೂ ಸಾಯುತ್ತದೆ.

ಕೆಲವು ಕಡೆ ಅಥೇಲಿಯಾ ರಾಲ್ಫ್‌ಸಿ ಅಂತ ಬರೆದಿರುತ್ತೆ. ಅದು ಬೇರೆನಾ?

ಎರಡೂ ಒಂದೇ. ಪೀಟರ್ ಹೆನ್ರಿ ರಾಲ್ಫ್ಸ್ 1892ರಲ್ಲಿ ಫ್ಲಾರಿಡಾದ ಟೊಮೇಟೊದಲ್ಲಿ ಈ ರೋಗವನ್ನು ವರದಿ ಮಾಡಿದರು. 1911ರಲ್ಲಿ ಇಟಲಿಯ ಸಕಾರ್ಡೊ ಶಿಲೀಂಧ್ರಕ್ಕೆ ಅವರ ಹೆಸರಿಟ್ಟರು. ಅಥೇಲಿಯಾ ಎಂಬುದು ಅದರ ಬೀಜಕ ಬಿಡುವ ಹಂತದ ಹೆಸರು. ಔಷಧಿಯ ಚೀಟಿಯಲ್ಲಿ ಎರಡರಲ್ಲಿ ಯಾವುದಿದ್ದರೂ ಸರಿ.

ಮಣ್ಣಲ್ಲಿ ಇನ್ನೂ ಉಳಿದಿದೆಯಾ ಅಂತ ನಾನೇ ಪರೀಕ್ಷೆ ಮಾಡಬಹುದಾ?

ಮಾಡಬಹುದು. ಗುಂಡುಗಳನ್ನು ಎಬ್ಬಿಸುವ ವಿದ್ಯೆಯನ್ನೇ ಇಲ್ಲಿ ನಾವು ಬಳಸುವುದು. ಮಡಿಯ ಐದಾರು ಕಡೆಯಿಂದ ಮೇಲಿನ 5 ಸೆಂಟಿಮೀಟರ್ ಮಣ್ಣು ತೆಗೆದು, ಕಾಗದದ ಮೇಲೆ ಹರಡಿ ಚೆನ್ನಾಗಿ ಒಣಗಿಸಿ. ಅಗಲವಾದ ತಟ್ಟೆಯಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ, ಒಣಗಿದ ಎಲೆಯ ಚೂರು ಉದುರಿಸಿ, ನೀರು ಚಿಮುಕಿಸಿ ಒದ್ದೆ ಮಾಡಿ. ಪ್ಲಾಸ್ಟಿಕ್ ಮುಚ್ಚಿ 28–30 ಡಿಗ್ರಿ ಇರುವ ಬೆಚ್ಚನೆಯ ಜಾಗದಲ್ಲಿಡಿ. ಮೂರನೆಯ ದಿನದಿಂದ ನೋಡುತ್ತಾ ಬನ್ನಿ. ಒಂದು ಬಿಂದುವಿನಿಂದ ಹೊರಟು ದಪ್ಪ ಬಿಳಿ ಎಳೆ ಬೀಸಣಿಗೆಯಾಗಿ ಹರಡಿ, ವಾರ ಎರಡು ವಾರದಲ್ಲಿ ಅಲ್ಲೇ ಹೊಸ ಗುಂಡುಗಳು ಮೂಡಿದರೆ ಉತ್ತರ ಸಿಕ್ಕಿತು. ಬೂದು, ಹಸಿರು, ಕಪ್ಪು ಬೂಷ್ಟು ಬಂದರೆ ಲೆಕ್ಕಕ್ಕಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ತಟ್ಟೆಗೆ ಕುದಿಯುವ ನೀರು ಸುರಿಯದೆ ಹೊರಗೆ ಚೆಲ್ಲಬೇಡಿ.

ಒಂದು ತಟ್ಟೆಯಲ್ಲಿ ಏನೂ ಬರಲಿಲ್ಲವೆಂದರೆ ಮಡಿಯೆಲ್ಲ ಶುದ್ಧವೆಂದಲ್ಲ, ಗುಂಡುಗಳು ಅಲ್ಲಲ್ಲಿ ಗುಂಪಾಗಿರುತ್ತವೆ. ರೋಗ ಬಂದಿದ್ದ ಜಾಗದ ಸುತ್ತಲಿನ ಮಣ್ಣನ್ನು ಬೇರೆ ತಟ್ಟೆಯಲ್ಲೇ ಇಟ್ಟು ನೋಡಿ.

ಎರಡು ವರ್ಷದಿಂದ ಕಂಡಿಲ್ಲ. ಮತ್ತೆ ಸುಗಂಧರಾಜ ನೆಡಬಹುದಾ?

ಪೂರ್ತಿ ಸಾಲು ಬೇಡ. ಆ ಜಾಗದಲ್ಲಿ ಮೂರು ನಾಲ್ಕು ಗಡ್ಡೆಯನ್ನು, ಮಾಮೂಲಿಗಿಂತ ಅಗಲ ಅಂತರದಲ್ಲಿ, ಎತ್ತರಿಸಿದ ಮಣ್ಣಿನಲ್ಲಿ ನೆಡಿ. ಬೇಲಿಯ ಆಚೆ ಬೇರೆ ಮಡಿಯಲ್ಲೂ ಅಷ್ಟೇ ಗಡ್ಡೆ ಇರಲಿ, ಇಲ್ಲಿ ಹೋದರೂ ತಳಿ ಉಳಿಯುತ್ತದೆ. ಬೇಸಿಗೆ ಕಳೆದು ಮೊದಲ ಎರಡು ಮೂರು ಜೋರು ಮಳೆ ಆಗುವವರೆಗೆ ಕಾಯಿರಿ. ಆ ವಾರಗಳಲ್ಲಿ ಬೆಳಗ್ಗೆ ಎದ್ದು ಬುಡ ನೋಡಿ. ಏನೂ ಕಾಣದಿದ್ದರೆ ಮುಂದಿನ ವರ್ಷ ಉಳಿದ ಗಡ್ಡೆಗಳನ್ನು ಇಳಿಸಬಹುದು.